ಲೇಬಲ್ ತಡೆಹಿಡಿದ ರ‍್ಯಾಪ್ ಆಲ್ಬಮ್: ಕಾಯುವುದೇ, ಹೊಸದಾಗಿ ಹಾಡುವುದೇ?

ದಕ್ಕೆಯ ದನಿ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ನಾವು ಬೋಳಾರ, ಹೊಯಿಗೆಬಜಾರ್ ಕಡೆಯ ನಾಲ್ವರು ಗೆಳೆಯರು ಮೂರು ಮಳೆಗಾಲಗಳಿಂದ ಒಂದು ರ‍್ಯಾಪ್ ಆಲ್ಬಮ್ ಮಾಡುತ್ತಿದ್ದೇವೆ. ಹನ್ನೊಂದು ಹಾಡುಗಳಿವೆ, ಏಳು ಕನ್ನಡದವು, ಮೂರು ತುಳುವಿನವು, ಇನ್ನೊಂದರಲ್ಲಿ ಕನ್ನಡ, ತುಳು ಎರಡೂ ಸೇರಿವೆ. ಮಳೆಗಾಲದ ಲೆಕ್ಕ ಹೇಳಲು ಕಾರಣವಿದೆ. ನಮ್ಮಲ್ಲೊಬ್ಬ ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ಕಲಾಸಿ (ಕೆಲಸಗಾರ). ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಮಾತ್ರ ಅವನು ನಮ್ಮ ಕೈಗೆ ಸಿಗುತ್ತಾನೆ. ನಾವು ರೆಕಾರ್ಡ್ ಮಾಡುವ ಕೋಣೆಗೆ ತಗಡಿನ ಮಾಡು. ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿ, ಮೈಕಿನ ಹಿಂದೆ ಕಂಬಳಿ ತೂಗುಹಾಕಿ, ರಾತ್ರಿ ಎರಡು ಗಂಟೆಗೆ ಮಳೆ ಸ್ವಲ್ಪ ಹಿಡಿದುಕೊಂಡಾಗ ಒಂದೊಂದು ಟೇಕ್ ತೆಗೆದುಕೊಳ್ಳುತ್ತೇವೆ. ಅವನಿರುವುದು ಮಳೆಯಿರುವಾಗ ಮಾತ್ರ, ಹಾಡಬಹುದಾದದ್ದು ಮಳೆಯಿಲ್ಲದಾಗ ಮಾತ್ರ. ಹೀಗಾಗಿ ಒಂದು ಹಾಡಿಗೆ ಕೆಲವೊಮ್ಮೆ ಹದಿನೈದು ರಾತ್ರಿ ಹಿಡಿದಿದೆ.

ಏಳು ಹಾಡುಗಳನ್ನು ನಮ್ಮದೇ ದುಡ್ಡಿನಲ್ಲಿ ಮುಗಿಸಿದ್ದಾಗ ಒಂದು ಲೇಬಲ್ (ಹಾಡುಗಳನ್ನು ಹೊರತರುವ ಸಂಗೀತ ಕಂಪನಿ) ನಮ್ಮನ್ನು ಹುಡುಕಿಕೊಂಡು ಬಂತು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಯಾರೂ ಊಹಿಸಲೂ ಹೋಗಬೇಡಿ. ಒಂದೂವರೆ ಲಕ್ಷ ರೂಪಾಯಿ ಮುಂಗಡ ಕೊಟ್ಟರು, ಉಳಿದ ನಾಲ್ಕು ಹಾಡುಗಳನ್ನು ತಮ್ಮ ಖರ್ಚಿನಲ್ಲಿ ದೊಡ್ಡ ಸ್ಟುಡಿಯೋದಲ್ಲಿ ಮಾಡಿಸಿದರು. ಇಂಗ್ಲಿಷಿನ 23 ಪುಟಗಳ ಕರಾರಿಗೆ ನಾವು ಸಹಿ ಹಾಕಿದೆವು. ಅದನ್ನು ತಿಳಿದವರಿಗೆ ತೋರಿಸದೆ ಸಹಿ ಹಾಕಿದ್ದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ.

ಜಗಳ ಹುಟ್ಟಿದ್ದು ಮೂರನೆಯ ಹಾಡಿನಿಂದ. ಬೆಳಗಿನ ಜಾವ ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಮೀನಿನ ಏಲಂ ಕೂಗುವವರ ದನಿಯನ್ನು, ಅವರ ಒಪ್ಪಿಗೆ ಪಡೆದು, ನಾವೇ ಧ್ವನಿಮುದ್ರಿಸಿಕೊಂಡಿದ್ದೆವು. ಬಂಗುಡೆ ಬುಟ್ಟಿಗೆ ದರ ಏರುತ್ತಾ ಹೋಗುವ ಆ ಕೂಗಿನ ಲಯವೇ ಹಾಡಿನ ತಾಳ. ಅದರ ಮೇಲೆ ನಮ್ಮ ಕಲಾಸಿ ಗೆಳೆಯ ತುಳುವಿನಲ್ಲಿ 24 ಸಾಲು ಹೇಳುತ್ತಾನೆ. ಲೇಬಲ್ಲಿನವರು ಮೊದಲು ಆ ಹಾಡನ್ನೇ ಮೆಚ್ಚಿ ಬಂದಿದ್ದರು. ಆದರೆ ನಮ್ಮನ್ನು ಕರೆತಂದವರು ಕೆಲಸ ಬಿಟ್ಟ ಮೇಲೆ ಬಂದವರು ತುಳು ಸಾಲುಗಳನ್ನು ತೆಗೆದು ಕನ್ನಡದ್ದನ್ನು ಹಾಕಬೇಕು, ಏಲಂ ಕೂಗಿನ ಬದಲು ಕುಣಿಯುವಂಥ ಬೀಟ್ ಬೇಕು ಎಂದರು. ನಾವು ಒಪ್ಪಲಿಲ್ಲ. ಕರಾರಾಗಿ ಈಗ 20 ತಿಂಗಳು. ಆಲ್ಬಮ್ ಬಿಡುಗಡೆ ಮಾಡುವುದೂ ಇಲ್ಲ, ನಮ್ಮನ್ನು ಬಿಡುವುದೂ ಇಲ್ಲ. ಕಳೆದ ತಿಂಗಳು ಒಂದು ಕಾಲೇಜಿನ ವೇದಿಕೆಯಲ್ಲಿ ಹಾಡಿದ 40 ಸೆಕೆಂಡಿನ ತುಣುಕನ್ನು ಯೂಟ್ಯೂಬಿಗೆ ಹಾಕಿದರೆ ಅದರ ಮೇಲೂ ಅವರ ಹಕ್ಕುಸಾಧನೆ (ಕಾಪಿರೈಟ್ ಕ್ಲೇಮ್) ಬಂತು.

ಈ ಸಂಕಟದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಅಮೆರಿಕದ ವರ್ಜೀನಿಯಾದ ಅಣ್ಣತಮ್ಮಂದಿರ ರ‍್ಯಾಪ್ ಜೋಡಿ ಕ್ಲಿಪ್ಸ್. ಮ್ಯಾಲಿಸ್ ಮತ್ತು ಪುಶಾ ಟಿ ಇಬ್ಬರ ಮೊದಲ ಆಲ್ಬಮ್ 2002ರಲ್ಲಿ ಸಂಗೀತ ನಿರ್ಮಾಪಕರಾದ ಫ್ಯಾರೆಲ್ ವಿಲಿಯಮ್ಸ್ ಮತ್ತು ಚಾಡ್ ಹ್ಯೂಗೊ ಅವರ ಲೇಬಲ್ ಸ್ಟಾರ್ ಟ್ರ್ಯಾಕ್ ಮೂಲಕ, ಅರಿಸ್ಟಾ ಲೇಬಲ್ಲಿನ ಆಶ್ರಯದಲ್ಲಿ ಬಂದು ಗೆದ್ದಿತ್ತು. ಎರಡನೆಯದರ ಕೆಲಸ ನಡೆಯುತ್ತಿದ್ದಾಗ, 2004ರಲ್ಲಿ ಸೋನಿ ಮತ್ತು ಬಿಎಂಜಿ ಸಂಸ್ಥೆಗಳು ವಿಲೀನಗೊಂಡವು. ಆ ಬದಲಾವಣೆಯಲ್ಲಿ ಅರಿಸ್ಟಾದ ಕರಾರುಗಳು ಜೈವ್ ಲೇಬಲ್ಲಿನ ಪಾಲಾದವು. ಸ್ಟಾರ್ ಟ್ರ್ಯಾಕ್ ಇಂಟರ್‌ಸ್ಕೋಪ್ ಲೇಬಲ್ಲಿಗೆ ಹೋಯಿತು, ಈ ಇಬ್ಬರು ಮಾತ್ರ ಹದಿಹರೆಯದವರ ಪಾಪ್ ಸಂಗೀತಕ್ಕೆ ಹೆಸರಾಗಿದ್ದ ಜೈವ್‌ನಲ್ಲೇ ಉಳಿದರು. ಬಿಟ್ಟುಬಿಡಿ ಎಂದರೂ ಬಿಡಲಿಲ್ಲ, ಕೊನೆಗೆ ನ್ಯಾಯಾಲಯಕ್ಕೆ ಹೋದರು. ಆ ಎರಡನೆಯ ಆಲ್ಬಮ್ ‘ಹೆಲ್ ಹ್ಯಾತ್ ನೋ ಫ್ಯೂರಿ’ ಜನರ ಕೈ ಸೇರಿದ್ದು 2006ರ ನವೆಂಬರ್ 28ರಂದು, ಮೊದಲ ಆಲ್ಬಮ್ ಆಗಿ ನಾಲ್ಕು ವರ್ಷ ಕಳೆದ ಮೇಲೆ.

ಆ ನಡುವಿನ ಅವಧಿಯಲ್ಲಿ ಅವರು ಸುಮ್ಮನಿರಲಿಲ್ಲ. 2004 ಮತ್ತು 2005ರಲ್ಲಿ ಇನ್ನಿಬ್ಬರನ್ನು ಸೇರಿಸಿಕೊಂಡು ‘ವಿ ಗಾಟ್ ಇಟ್ 4 ಚೀಪ್’ ಎಂಬ ಮಿಕ್ಸ್‌ಟೇಪ್‌ಗಳನ್ನು, ಬೇರೆಯವರ ಬೀಟುಗಳ ಮೇಲೆ ತಮ್ಮ ಸಾಲುಗಳನ್ನು ಹೇಳಿ, ಹೊರತಂದರು. ಆಲ್ಬಮ್ ಸಹ ಬಹುಮಟ್ಟಿಗೆ ಹೊಸ ಹಾಡುಗಳಿಂದ ಕಟ್ಟಿದ್ದಾಯಿತು. ನನ್ನ ಕಿವಿಗೆ ಆ ಆಲ್ಬಮ್‌ನ ಬರಡುತನವೇ ಅದರ ಶಕ್ತಿ. ಒಂದು ಹಾಡು ಅಕಾರ್ಡಿಯನ್ನಿನ ಮೇಲೆ ನಿಂತಿದೆ, ಇನ್ನೊಂದು ಸ್ಟೀಲ್ ಡ್ರಮ್ಮಿನ ಮೇಲೆ. ಉಳಿದ ಜಾಗವೆಲ್ಲ ಖಾಲಿ. ಕಾದು ಕಾದು ಹಲ್ಲು ಕಚ್ಚಿದವರ ದನಿ ಆ ಖಾಲಿಯಲ್ಲಿ ಕೇಳುತ್ತದೆ. ಆಲ್ಬಮ್ಮನ್ನು ಉಳಿಸಿದ್ದು ದಾವೆಯಲ್ಲ, ದಾವೆ ನಡೆಯುತ್ತಿದ್ದಾಗಲೂ ನಿಲ್ಲದ ಕೆಲಸ ಎಂಬುದು ನನ್ನ ನಂಬಿಕೆ.

ಈಗ ನನ್ನ ಪ್ರಶ್ನೆ. ನಾವೂ ಎಲ್ಲ ಹಾಡುಗಳನ್ನು ಬದಿಗಿಟ್ಟು ಹೊಸದಾಗಿ ಬರೆಯಬೇಕೇ, ಅಥವಾ ಇರುವುದಕ್ಕಾಗಿ ಕಾಯಬೇಕೇ?

ಪರ್ಕಳದಾಕೆ (ಉಡುಪಿ)

ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ನಿಮ್ಮ ಉದಾಹರಣೆಯಿಂದ ನೀವು ಎಳೆದ ತೀರ್ಮಾನವನ್ನು ನಾನು ಪೂರ್ತಿ ಒಪ್ಪಲಾರೆ. ಕ್ಲಿಪ್ಸ್‌ಗೆ ನೆಪ್ಚೂನ್ಸ್ ಜೋಡಿಯ, ಅಂದರೆ ಅದೇ ಫ್ಯಾರೆಲ್ ಮತ್ತು ಹ್ಯೂಗೊ ಅವರ, ಬೆಂಬಲವಿತ್ತು. ಲೇಬಲ್ ಬೇರೆಯಾದರೂ ಆಲ್ಬಮ್ಮಿನ ಪ್ರತಿ ಹಾಡಿನ ಸಂಗೀತವೂ ಅವರದೇ. ನ್ಯಾಯಾಲಯಕ್ಕೆ ಹೋಗಿದ್ದರಿಂದಲೇ 2006ರಲ್ಲಿ ಜೈವ್ ಜೊತೆ ರಾಜಿಯಾಗಿ, ಅವರ ಸ್ವಂತ ಲೇಬಲ್ ರಿ-ಅಪ್ ಹೆಸರೂ ಸೇರಿ ಆಲ್ಬಮ್ ಬಂತು. ದಾವೆಯನ್ನು ಅಷ್ಟು ಹಗುರ ಮಾಡಬೇಡಿ.

ಇನ್ನೊಂದು ಮಾತು. ಕಾಯುವುದು ಎಲ್ಲರನ್ನೂ ಹರಿತ ಮಾಡುವುದಿಲ್ಲ. ಅಮೆರಿಕದ ರ‍್ಯಾಪರ್ ಲೂಪೆ ಫಿಯಾಸ್ಕೊ ಅವರ ‘ಲೇಸರ್ಸ್’ ಆಲ್ಬಮ್ಮನ್ನು ಅಟ್ಲಾಂಟಿಕ್ ಲೇಬಲ್ ತಡೆದಾಗ ಅಭಿಮಾನಿಗಳು ಸಹಿ ಸಂಗ್ರಹಿಸಿದರು, 2010ರ ಅಕ್ಟೋಬರ್ 15ರಂದು ನ್ಯೂಯಾರ್ಕಿನ ಕಚೇರಿಯ ಮುಂದೆ ನೆರೆದರು. 2011ರ ಮಾರ್ಚ್‌ನಲ್ಲಿ ಆಲ್ಬಮ್ ಬಂದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ ಲೇಬಲ್ ಹೇಳಿದಂತೆ ಒಪ್ಪಿ ಮಾಡಿದ ಹಾಡುಗಳಿದ್ದ ಆ ಆಲ್ಬಮ್ಮನ್ನು ತಾನು ಪ್ರೀತಿಸುತ್ತೇನೆ, ದ್ವೇಷಿಸುತ್ತೇನೆ ಎಂದು ಕಲಾವಿದನೇ ಹೇಳಿಕೊಂಡ. ಇನ್ನೊಬ್ಬ ರ‍್ಯಾಪರ್ ಲಿಲ್ ವೇಯ್ನ್ 2015ರ ಜನವರಿಯಲ್ಲಿ ತನ್ನ ಲೇಬಲ್ ಕ್ಯಾಶ್ ಮನಿ ಮೇಲೆ ದಾವೆ ಹೂಡಿದ, ‘ಥ ಕಾರ್ಟರ್ 5’ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಅದನ್ನು ಕೇಳಿದಾಗ ನನಗೆ ಬೇರೆ ಬೇರೆ ವರ್ಷಗಳ ಹಾಡುಗಳನ್ನು ಒಂದೇ ಬುಟ್ಟಿಗೆ ಸುರಿದಂತೆ ಅನಿಸಿತು.

ಆದ್ದರಿಂದ ತುಳು ಸಾಲುಗಳನ್ನು ಬಿಟ್ಟುಕೊಡಬೇಡಿ ಎಂಬುದರಲ್ಲಿ ನಾನು ನಿಮ್ಮ ಕಡೆ. ಆದರೆ ಸಿಟ್ಟಿನಿಂದ ಹನ್ನೊಂದನ್ನೂ ಎಸೆಯಬೇಡಿ. ಸಿಟ್ಟು ನಿಮಗೆ ಈಗ ಹೊಸದು, ಆ ಹಾಡುಗಳು ಮೂರು ವರ್ಷ ಹಳೆಯವು.

ದಕ್ಕೆಯ ದನಿ

ಅಕ್ಕ, ರಾಜಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ, ನನ್ನ ವಾಕ್ಯವನ್ನು ತಿದ್ದಿಕೊಳ್ಳುತ್ತೇನೆ. ಅದೇ ಕ್ಲಿಪ್ಸ್ 2025ರಲ್ಲಿ ಏನು ಮಾಡಿದರು ಎಂಬುದನ್ನೂ ಸೇರಿಸಬೇಕು. ‘ಲೆಟ್ ಗಾಡ್ ಸಾರ್ಟ್ ಎಮ್ ಔಟ್’ ಆಲ್ಬಮ್‌ನ ಒಂದು ಹಾಡಿನಲ್ಲಿ ರ‍್ಯಾಪರ್ ಕೆಂಡ್ರಿಕ್ ಲಾಮಾರ್ ಹೇಳಿದ ಭಾಗವನ್ನು ಬದಲಿಸಲು ಅವರ ಲೇಬಲ್ ಡೆಫ್ ಜಾಮ್ ಕಡೆಯಿಂದ ಒತ್ತಡ ಬಂತೆಂದು ಪುಶಾ ಟಿ ಹೇಳಿದ. ಅವರು ಭಾಗವನ್ನು ಬಿಡಲಿಲ್ಲ, ಲೇಬಲ್ಲನ್ನೇ ಬಿಟ್ಟರು; ಹಣ ಕೊಟ್ಟು ಕರಾರಿನಿಂದ ಹೊರಬಂದು ರಾಕ್ ನೇಷನ್ ಮೂಲಕ ಜುಲೈ 11ರಂದು ಬಿಡುಗಡೆ ಮಾಡಿದರು. ನಮ್ಮ ಹತ್ತಿರ ಹಾಗೆ ಕೊಡುವ ಹಣವಿಲ್ಲ. ಮುಂಗಡ ಮೈಕಿಗೆ, ಬಾಡಿಗೆಗೆ, ಗೆಳೆಯನ ಮನೆಯ ಮಾಡಿನ ದುರಸ್ತಿಗೆ ಖರ್ಚಾಗಿದೆ.

ಮಿಕ್ಸ್‌ಟೇಪ್ ದಾರಿ ನಮಗೆ ಸಾಧ್ಯವೇ ಎಂದೂ ತಿಳಿದವರು ಹೇಳಬೇಕು.

ಕೊಡಿಯಾಲಬೈಲ್

ನಾನು ವಕೀಲ ವೃತ್ತಿಯಲ್ಲಿದ್ದೇನೆ. ಕಾಗದ ನೋಡದೆ ಖಚಿತ ಸಲಹೆ ಕೊಡುವುದು ತಪ್ಪಾಗುತ್ತದೆ, ಆದರೆ ನೀವು ಏನನ್ನು ಹುಡುಕಿ ಓದಬೇಕೆಂದು ಹೇಳಬಲ್ಲೆ.

ಮೊದಲು ಮಿಕ್ಸ್‌ಟೇಪ್. ಬೇರೆಯವರ ಬೀಟಿನ ಮೇಲೆ ಅನುಮತಿಯಿಲ್ಲದೆ ಹಾಡಿ ಹಂಚಿದರೆ ಉಚಿತವಾಗಿ ಕೊಟ್ಟರೂ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯೇ. ಲೇಬಲ್ ಜೊತೆ ವ್ಯಾಜ್ಯವಿರುವಾಗ ಇನ್ನೊಬ್ಬರ ಕೈಗೆ ಹೊಸ ವ್ಯಾಜ್ಯದ ಕಾರಣ ಕೊಡಬೇಡಿ.

ಈಗ ಮುಖ್ಯ ವಿಷಯ. ಒಂದು ಹಾಡಿನಲ್ಲಿ ಮೂರು ಪ್ರತ್ಯೇಕ ಸ್ವತ್ತುಗಳಿವೆ: ಸಾಹಿತ್ಯ, ಸಂಗೀತ, ಧ್ವನಿಮುದ್ರಣ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಎಂದರೆ ಅದರ ನಿರ್ಮಾಪಕ, ಅಂದರೆ ಅದನ್ನು ಮಾಡಿಸುವ ಉಪಕ್ರಮ ಮತ್ತು ಹೊಣೆ ಹೊತ್ತವನು. ನಿಮ್ಮ ಏಳು ಹಾಡುಗಳನ್ನು ನೀವೇ ಖರ್ಚು ಮಾಡಿ ಮುದ್ರಿಸಿದ್ದರೆ ನಿರ್ಮಾಪಕರು ನೀವೇ. ಅವು ಲೇಬಲ್ಲಿಗೆ ಹೋಗಬೇಕಾದರೆ ನೀವು ಬರವಣಿಗೆಯಲ್ಲಿ, ಯಾವ ಕೃತಿ ಎಂದು ಗುರುತಿಸಿ, ವರ್ಗಾಯಿಸಿರಬೇಕು. 19ನೇ ಕಲಮು ಅದನ್ನು ಬಯಸುತ್ತದೆ. ಆದ್ದರಿಂದ ಕರಾರಿನ ಕೊನೆಯಲ್ಲಿರುವ ಅನುಸೂಚಿಯನ್ನು ತೆಗೆದು, ಅದರಲ್ಲಿ ಯಾವ ಯಾವ ಹಾಡುಗಳ ಹೆಸರಿದೆ ನೋಡಿ. ಅದೇ ಕಲಮಿನ 4ನೇ ಉಪಕಲಮು ಇನ್ನೊಂದು ಮಾತು ಹೇಳುತ್ತದೆ: ವರ್ಗಾವಣೆ ಪಡೆದವನು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದ ಪಕ್ಷದಲ್ಲಿ, ಆ ವರ್ಗಾವಣೆ ರದ್ದಾದಂತೆ. ನಿಮ್ಮದು 20 ತಿಂಗಳಾಗಿದೆ. ಆದರೆ ಅನುಭವವಿರುವ ಲೇಬಲ್ಲುಗಳು ‘ಬೇರೆ ರೀತಿ’ ಬರೆಸಿಯೇ ಇರುತ್ತವೆ, ಆ ವಾಕ್ಯ ಇದೆಯೇ ಎಂದು ಎರಡು ಸಲ ಓದಿ.

2012ರ ತಿದ್ದುಪಡಿ ಸಾಹಿತ್ಯ ಬರೆದವರಿಗೆ, ಸಂಗೀತ ಕಟ್ಟಿದವರಿಗೆ ಒಂದು ಗಟ್ಟಿ ನೆಲೆ ಕೊಟ್ಟಿದೆ. ಧ್ವನಿಮುದ್ರಣದಲ್ಲಿ ಸೇರಿದ ನಿಮ್ಮ ಕೃತಿಯ ಬಳಕೆಗೆ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ನೀವು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ವಸೂಲಿ ಮಾಡಿ ಹಂಚುವ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ವಹಿಸಬಹುದು. ಕರಾರಿನಲ್ಲಿ ಅದಕ್ಕೆ ವಿರುದ್ಧವಾಗಿ ಬರೆದಿದ್ದರೆ ಆ ಷರತ್ತು ಶೂನ್ಯ. 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಎಂಬ ಅಂಥ ಸಂಘಕ್ಕೆ ನಿಮ್ಮಲ್ಲಿ ಬರೆಯುವವರು, ಬೀಟ್ ಮಾಡುವವರು ಸದಸ್ಯರಾಗಿಲ್ಲದಿದ್ದರೆ ಈಗಲೇ ಆಗಿ.

ಇನ್ನು ‘ಬೇರೆ ಯಾರಿಗೂ ಹಾಡಬಾರದು’ ಎಂಬ ಷರತ್ತು. ಕರಾರು ಜಾರಿಯಲ್ಲಿರುವಾಗ ಅಂಥ ನಿರ್ಬಂಧವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಮಾನ್ಯ ಮಾಡುತ್ತವೆ. ಅವಧಿ ಮುಗಿದ ಮೇಲೂ ಕಟ್ಟಿಹಾಕುವುದಕ್ಕೆ 1872ರ ಭಾರತೀಯ ಕರಾರು ಕಾಯಿದೆಯ 27ನೇ ಕಲಮು ಅಡ್ಡ ನಿಲ್ಲುತ್ತದೆ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಂಸ್ಥೆಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದು ಅದನ್ನೇ. ಕರಾರಿನ ಅವಧಿ ಎಂದಿಗೆ ಮುಗಿಯುತ್ತದೆ, ಅದು ತಾನಾಗಿ ಮುಂದುವರಿಯುತ್ತದೆಯೇ ಎಂಬುದನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ.

ಕಾಪು ದೀಪಸ್ತಂಭ (ಉಡುಪಿ)

ವಕೀಲರು ಹೇಳಿದ ‘ನಿಮ್ಮ ಖರ್ಚಿನಲ್ಲಿ, ಕರಾರಿಗೆ ಮೊದಲು’ ಎಂಬುದನ್ನು ಸಾಬೀತು ಮಾಡುವುದು ನಿಮ್ಮ ಹಾರ್ಡ್ ಡಿಸ್ಕ್. ನಾನು ಹದಿನಾಲ್ಕು ವರ್ಷಗಳಿಂದ ಧ್ವನಿಮುದ್ರಣದ ಕೆಲಸ ಮಾಡುತ್ತಿರುವವನು, ಭಜನೆಯಿಂದ ಹಿಡಿದು ತುಳು ಸಿನಿಮಾದ ಡಬ್ಬಿಂಗ್‌ವರೆಗೆ. ಕರಾವಳಿಯ ಉಪ್ಪುಗಾಳಿ, ಗುಡುಗು ಮಿಂಚು, ಹೋಗಿ ಬರುವ ಕರೆಂಟು ಇವುಗಳಿಂದ ಎಷ್ಟು ಡಿಸ್ಕ್ ಹಾಳಾಗಿದ್ದನ್ನು ಕಂಡಿದ್ದೇನೋ ಲೆಕ್ಕವಿಲ್ಲ. ಈ ವಾರವೇ ಏಳು ಹಾಡುಗಳ ಸೆಷನ್ ಫೈಲುಗಳನ್ನೂ, ಪ್ರತಿ ಟ್ರ್ಯಾಕಿನ ಬಿಡಿ ವೇವ್ ಫೈಲುಗಳನ್ನೂ ಎರಡು ಬೇರೆ ಡಿಸ್ಕುಗಳಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ. ಫೈಲುಗಳ ದಿನಾಂಕ ಬದಲಾಗದಂತೆ ನಕಲು ಮಾಡಿ. ಮೂಲ ಡಿಸ್ಕಿನಲ್ಲಿ ಇನ್ನು ಏನನ್ನೂ ತೆರೆದು ಉಳಿಸಬೇಡಿ. ಮೈಕ್ ಕೊಂಡ ಬಿಲ್ಲು, ಕೋಣೆಯ ಬಾಡಿಗೆ ಚೀಟಿ, ಆಗ ನೀವು ಪರಸ್ಪರ ಕಳಿಸಿಕೊಂಡ ವಾಟ್ಸಾಪ್ ಧ್ವನಿತುಣುಕುಗಳು, ಎಲ್ಲವೂ ಸಾಕ್ಷಿಯೇ.

ಮತ್ತೊಂದು ಕಾಗದವನ್ನು ನೀವು ನಾಲ್ವರೂ ಮಾಡಿಕೊಂಡಿರುವುದಿಲ್ಲ ಎಂಬುದು ನನ್ನ ಅಂದಾಜು. ಪ್ರತಿ ಹಾಡಿಗೆ ಸಾಹಿತ್ಯ ಯಾರದು, ಬೀಟ್ ಯಾರದು, ಎಷ್ಟೆಷ್ಟು ಪಾಲು ಎಂದು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಮಾಡಿ. ಲೇಬಲ್ ಜೊತೆಗಿನ ಜಗಳದಲ್ಲಿ ಗೆದ್ದ ಮೇಲೆ ಗೆಳೆಯರೇ ಜಗಳವಾಡಿಕೊಂಡದ್ದನ್ನು ನನ್ನ ಸ್ಟುಡಿಯೋದ ಬಾಗಿಲಲ್ಲೇ ನೋಡಿದ್ದೇನೆ, ಆ ಎರಡು ಗುಂಪುಗಳೂ ಇವತ್ತಿಗೂ ಹಾಡುತ್ತಿಲ್ಲ. ಏಲಂ ಕೂಗಿದವರ ಒಪ್ಪಿಗೆಯನ್ನೂ ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಪಡೆಯಿರಿ, ಅವರಿಗೂ ಒಂದು ಪಾಲು ಕೊಡುವುದು ನ್ಯಾಯ.

ಯೂಟ್ಯೂಬ್ ಹಕ್ಕುಸಾಧನೆಗೆ ಆಕ್ಷೇಪ ಸಲ್ಲಿಸುವ ಮೊದಲು ವಕೀಲರನ್ನು ಕೇಳಿ. ವೇದಿಕೆಯಲ್ಲಿ ಹಿನ್ನೆಲೆಗೆ ನುಡಿಸಿದ ಟ್ರ್ಯಾಕ್ ಅವರ ದುಡ್ಡಿನ ನಾಲ್ಕು ಹಾಡುಗಳಲ್ಲಿ ಒಂದಾಗಿದ್ದರೆ ನಿಮ್ಮ ಆಕ್ಷೇಪ ನಿಲ್ಲದಿರಬಹುದು.

ಚೆಂಡೆಪೆಟ್ಟು (ಕುಂದಾಪುರ, ಈಗ ಉಡುಪಿ)

ನನಗೆ 67 ವರ್ಷ. ರ‍್ಯಾಪ್ ನನಗೆ ಮೊಮ್ಮಗನಿಂದ ಪರಿಚಯವಾದದ್ದು. ಆದರೆ ಈ ಚರ್ಚೆಯಲ್ಲಿ ನನಗೂ ಹೇಳುವುದಿದೆ.

ಕ್ಯಾಸೆಟ್ಟಿನ ಕಾಲದಲ್ಲಿ ನಾನು ತಾಳಮದ್ದಳೆಯ ಒಂದು ತಂಡದಲ್ಲಿ ಮದ್ದಳೆ ನುಡಿಸುತ್ತಿದ್ದೆ. ಒಂದು ಕಂಪನಿಯವರು ಕರೆದು ಎರಡು ದಿನ ಕೂರಿಸಿ ಎರಡು ಪ್ರಸಂಗಗಳನ್ನು ಮುದ್ರಿಸಿಕೊಂಡರು. ತಂಡಕ್ಕೆ ಒಂದೇ ಸಲ ಹಣ ಕೊಟ್ಟರು, ತಲೆಗೆ ಐದೈದು ಕ್ಯಾಸೆಟ್ ಕೊಟ್ಟರು. ಆಮೇಲೆ ಅದು ಎಷ್ಟು ಮಾರಾಟವಾಯಿತೆಂದು ನಮಗೆ ಯಾರೂ ಹೇಳಲಿಲ್ಲ, ಕೇಳಬಹುದೆಂದು ನಮಗೂ ತಿಳಿದಿರಲಿಲ್ಲ. ಈಗ ಅದು ಯೂಟ್ಯೂಬಿನಲ್ಲಿದೆ. ಅರ್ಥಧಾರಿಗಳ ಹೆಸರಿದೆ, ಹಿಮ್ಮೇಳದವರ ಹೆಸರಿಲ್ಲ. ಒಂದು ಕಡೆ ಭಾಗವತರು ಪದ ಎತ್ತುವ ಮೊದಲು ನಾನು ಕೆಮ್ಮಿದ್ದು ಕೇಳುತ್ತದೆ. ಅಲ್ಲಿ ನಾನಿದ್ದೇನೆ ಎನ್ನುವುದಕ್ಕೆ ಅದೊಂದೇ ಗುರುತು. ವಕೀಲರೇ, ಕಲಾವಿದನ ಹೆಸರು ಹೇಳಿಸಿಕೊಳ್ಳುವ ಹಕ್ಕು ಈಗ ಕಾಯಿದೆಯಲ್ಲಿದೆಯೇ?

ತಮ್ಮ, ನಿನಗೊಂದು ಮಾತು. ತುಳು ಸಾಲು ತೆಗೆಯಿರಿ ಎಂದವರಿಗೆ ಭಾಷೆ ಮಾತ್ರ ಕಂಡಿದೆ, ನಡೆ ಕಂಡಿಲ್ಲ. ಏಲಂ ಕೂಗಿನ ಲಯಕ್ಕೆ ಹೊಂದಿಸಿ ಬರೆದ ಪದವನ್ನು ಇನ್ನೊಂದು ಭಾಷೆಯ ಪದದಿಂದ ತುಂಬಿದರೆ ಮಾತ್ರೆ ತಪ್ಪುತ್ತದೆ. ನಮ್ಮಲ್ಲಿ ಭಾಗವತರು ಪದ ಬದಲಿಸಿದರೆ ಮದ್ದಳೆಯವನೂ ಪೆಟ್ಟು ಬದಲಿಸಬೇಕು. ಅವರಿಗೆ ಈ ರೀತಿ ಹೇಳಿ ನೋಡಿದೆಯಾ?

ಕೊಡಿಯಾಲಬೈಲ್

ಹಿರಿಯರೇ, ಇದೆ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಮು, ಪ್ರದರ್ಶಕನಿಗೆ ತನ್ನನ್ನು ಆ ಪ್ರದರ್ಶನದ ಕಲಾವಿದನೆಂದು ಗುರುತಿಸಬೇಕೆಂದು ಕೇಳುವ ಹಕ್ಕು ಕೊಡುತ್ತದೆ. ನಿಮ್ಮ ಮುದ್ರಣ ಅದಕ್ಕೆ ಬಹಳ ಹಿಂದಿನದು, ಆದ್ದರಿಂದ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ಕುಳಿತು ನೋಡಬೇಕು. ವಿಡಿಯೋ ಹಾಕಿದವರಿಗೆ ಹಿಮ್ಮೇಳದವರ ಹೆಸರು ಸೇರಿಸಿ ಎಂದು ಒಂದು ಪತ್ರ ಬರೆಯಲು ಮಾತ್ರ ಯಾವ ಅಡ್ಡಿಯೂ ಇಲ್ಲ, ನಾನು ಬರೆದುಕೊಡುತ್ತೇನೆ, ಶುಲ್ಕ ಬೇಡ.

ದಕ್ಕೆಯ ದನಿ

ಎರಡು ವಾರ ಉತ್ತರಿಸಲಾಗಲಿಲ್ಲ, ಕ್ಷಮಿಸಿ. ನಿಮ್ಮ ಮಾತುಗಳನ್ನು ಎದುರಿಗಿಟ್ಟುಕೊಂಡು ಕರಾರನ್ನು ಸಾಲು ಸಾಲಾಗಿ ಓದಿದೆವು.

ಅನುಸೂಚಿಯಲ್ಲಿ ಹೆಸರಿರುವುದು ನಾಲ್ಕು ಹಾಡುಗಳದ್ದು ಮಾತ್ರ, ಅವರ ಸ್ಟುಡಿಯೋದಲ್ಲಿ ಮಾಡಿದವು. ಉಳಿದ ಕಡೆ ‘ಕರಾರಿನ ಅವಧಿಯಲ್ಲಿ ಮಾಡುವ ಧ್ವನಿಮುದ್ರಣಗಳು’ ಎಂದಿದೆ. ನಮ್ಮ ಏಳು ಹಾಡುಗಳು ಅವಧಿಗೆ ಮುಂಚಿನವು, ಮೂರನೆಯದು ಎಲ್ಲಕ್ಕಿಂತ ಮುಂಚಿನದು. ಇಷ್ಟು ತಿಂಗಳು ಯಾವ ಹಾಡಿಗಾಗಿ ಅವರೊಡನೆ ಜಗಳವಾಡುತ್ತಿದ್ದೆವೋ ಅದು ಅವರ ಕೈಯಲ್ಲಿ ಇರಲೇ ಇಲ್ಲ. ಒಂದು ವರ್ಷದ ಷರತ್ತಿಗೆ ವಕೀಲರು ಎಚ್ಚರಿಸಿದಂತೆಯೇ ‘ಬೇರೆ ರೀತಿ’ ಬರೆದಿದ್ದಾರೆ, ಆದ್ದರಿಂದ ಆ ನಾಲ್ಕು ಅವರ ಬಳಿಯೇ ಉಳಿಯುತ್ತವೆ. ಕರಾರಿನ ಅವಧಿ 24 ತಿಂಗಳು. ಮುಗಿಯುವ 60 ದಿನ ಮೊದಲು ಬರವಣಿಗೆಯಲ್ಲಿ ತಿಳಿಸದಿದ್ದರೆ ಅದು ತಾನಾಗಿ ಇನ್ನೆರಡು ವರ್ಷ ಮುಂದುವರಿಯುತ್ತದೆ. ಆ ದಿನಕ್ಕೆ ಇನ್ನು ಆರು ವಾರ ಉಳಿದಿತ್ತು! ವಕೀಲರು ಗುರುತು ಹಾಕಿಕೊಳ್ಳಿ ಎನ್ನದಿದ್ದರೆ ನಾವು ಅದನ್ನು ನೋಡುತ್ತಲೇ ಇರಲಿಲ್ಲ.

ಕರಾರು ಮುಂದುವರಿಸುವುದಿಲ್ಲ ಎಂಬ ಪತ್ರವನ್ನೂ, ಏಳು ಹಾಡುಗಳು ನಮ್ಮವೆಂದು ಫೈಲುಗಳ ದಿನಾಂಕಗಳ ಪಟ್ಟಿ ಸಹಿತ ಬರೆದ ನೋಟಿಸನ್ನೂ ಇಲ್ಲಿಯ ವಕೀಲರೊಬ್ಬರ ಮೂಲಕ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೇವೆ. ಕಾಲೇಜಿನ ತುಣುಕು ಆ ಏಳರಲ್ಲಿ ಒಂದರದು. ಅದರ ಮೇಲಿನ ಹಕ್ಕುಸಾಧನೆಯನ್ನು ನಿನ್ನೆ ಹಿಂತೆಗೆದುಕೊಂಡಿದ್ದಾರೆ. ಬೇರೆ ಯಾವುದಕ್ಕೂ ಇನ್ನೂ ಉತ್ತರ ಬಂದಿಲ್ಲ. ಕಾಪುವಿನ ಅಣ್ಣ ಹೇಳಿದ ಪಾಲಿನ ಹಾಳೆಗೆ ನಾಲ್ವರೂ ಸಹಿ ಮಾಡಿದ್ದೇವೆ. ಐದನೆಯ ಸಹಿ ಏಲಂ ಕೂಗಿದ ಮಾಮನದು. ಅವರು ಪಾಲು ಬೇಡವೆಂದರು, ನಾವು ಒತ್ತಾಯಿಸಿದ ಮೇಲೆ ಒಪ್ಪಿಕೊಂಡರು. ಹಾಡು ಬಂದ ಮೇಲೆ ಮೊದಲು ತಮ್ಮ ತಾಂಡೇಲರಿಗೆ (ಬೋಟು ನಡೆಸುವವರಿಗೆ) ಕೇಳಿಸಬೇಕು ಎಂಬುದೊಂದೇ ಅವರ ಷರತ್ತು.

ಪರ್ಕಳದ ಅಕ್ಕ ಹೇಳಿದಂತೆ ಏಳನ್ನೂ ಎಸೆಯುವುದಿಲ್ಲ. ಬಿಟ್ಟುಕೊಟ್ಟ ನಾಲ್ಕರ ಜಾಗದಲ್ಲಿ ಹೊಸದಾಗಿ ನಾಲ್ಕು ಬರೆಯುತ್ತಿದ್ದೇವೆ. ಈಗ ಬಾಯಿಪಾಠ ಮಾಡಿಟ್ಟುಕೊಳ್ಳುತ್ತೇವೆ, ಕರಾರಿನ ಅವಧಿ ಮುಗಿಯುವ ತನಕ ಒಂದು ಸಾಲನ್ನೂ ಮುದ್ರಿಸುವುದಿಲ್ಲ. ಗೆಳೆಯ ಬೋಟಿಗೆ ಹೋಗಲು ಇನ್ನು 19 ದಿನ ಇದೆ. ಆಮೇಲೆ ಅವನ ಭಾಗವನ್ನು ಬೋಟು ದಡಕ್ಕೆ ಬಂದ ರಾತ್ರಿಗಳಲ್ಲಿ ತೆಗೆದುಕೊಳ್ಳಬೇಕು. ಆಗ ಮಳೆಯ ಕಾಟವಾದರೂ ಇರುವುದಿಲ್ಲ.